ಬಾಕಿ ಉಳಿಸಿಕೊಂಡು ದಾಸೋಹ ಮಾಡಲಾದೀತೇ?



ನಾನು ಬರಹಗಾರನಲ್ಲ. ಪೀಣ್ಯ ಎರಡನೆಯ ಹಂತದ ಒಂದು ಬಾಡಿಗೆ ಶೆಡ್ಡಿನಲ್ಲಿ ಎರಡು ಲೇತ್, ಒಂದು ಮಿಲ್ಲಿಂಗ್ ಮಷೀನು, ಸಾಲದಲ್ಲಿ ತಂದ ಒಂದು ಸಿಎನ್‌ಸಿ ಇಟ್ಟುಕೊಂಡು ಏಳು ಜನರ ಜೊತೆ ಕೆಲಸ ಮಾಡುವವನು. ದೊಡ್ಡ ಕಂಪನಿಗಳಿಗೆ ಬೇಕಾದ ಬುಷ್, ಪಿನ್, ಶಾಫ್ಟ್‌ಗಳನ್ನು ಮಾಡಿಕೊಡುತ್ತೇನೆ. ಹುಟ್ಟಿದ್ದು ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ. ಮಠದ ಪ್ರಸಾದ ನಿಲಯದಲ್ಲಿ ಉಂಡು, ಐಟಿಐ ಮುಗಿಸಿ, 1998ರಲ್ಲಿ ಬೆಂಗಳೂರಿಗೆ ಬಂದೆ. ಐದು ವರ್ಷ ಬೇರೆಯವರ ಶೆಡ್ಡಿನಲ್ಲಿ ಟರ್ನರ್ ಆಗಿದ್ದು, 2003ರಲ್ಲಿ ಒಂದು ಹಳೆಯ ಲೇತ್ ಕೊಂಡು ಸ್ವಂತ ಕೆಲಸ ಶುರುಮಾಡಿದೆ. ಮಠದ ಅನ್ನದ ಋಣ ನನ್ನ ಮೇಲಿದೆ. ಆ ಋಣವಿದೆ ಎಂಬ ಕಾರಣಕ್ಕೇ ಈ ಮಾತನ್ನು ಮಠದ ಭಕ್ತರೆದುರು ಆಡುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಬಸವ ಜಯಂತಿಗೆ ನಮ್ಮ ಬಡಾವಣೆಯಲ್ಲಿ ಪ್ರಸಾದದ ವ್ಯವಸ್ಥೆಗೆ 25 ಸಾವಿರ ರೂಪಾಯಿ ಕೊಡುವುದಾಗಿ ಒಪ್ಪಿಕೊಂಡಿದ್ದೆ. ಅದೇ ವಾರ ನಮ್ಮ ಶೆಡ್ಡಿಗೆ ಪ್ಲೇಟಿಂಗ್ ಮಾಡಿಕೊಡುವ ಹುಡುಗ ಬಂದು ಬಾಗಿಲಲ್ಲಿ ನಿಂತ. ಅವನದು ನನಗಿಂತಲೂ ಚಿಕ್ಕ ಕೆಲಸ. ಅವನು, ಅವನ ತಮ್ಮ, ಎರಡು ತೊಟ್ಟಿ, ಅಷ್ಟೇ. ನನ್ನ ಕಡೆಯಿಂದ ಅವನಿಗೆ ನಾಲ್ಕು ತಿಂಗಳ ಬಿಲ್ ಬಾಕಿಯಿತ್ತು, 31 ಸಾವಿರ ಚಿಲ್ಲರೆ. ನಾನು ಎಂದಿನಂತೆ, “ಕಂಪನಿಯಿಂದ ಪೇಮೆಂಟ್ ಬಂದಿಲ್ಲಪ್ಪ, ಮುಂದಿನ ವಾರ ನೋಡೋಣ” ಎಂದೆ. ಅವನು ಸಿಟ್ಟಾಗಲಿಲ್ಲ. “ಕಂಪನಿಯೋರು ನಿಮಗೆ ಏನು ಹೇಳ್ತಾರೋ ಅದನ್ನೇ ನೀವು ನನಗೆ ಹೇಳ್ತೀರ ಸಾರ್. ನಾನು ಯಾರಿಗೆ ಹೇಳ್ಲಿ?” ಎಂದು ಕೇಳಿ ಹೊರಟುಹೋದ.

ರಾತ್ರಿ ಮನೆಯಲ್ಲಿ ಈ ಮಾತು ಬಂತು. ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆಯೇ, “ಅಲ್ರೀ, ಮಂದಿ ರೊಕ್ಕ ಇಟ್ಕೊಂಡು ಪ್ರಸಾದ ಮಾಡಸ್ತೀರೇನು? ಅದು ಯಾರ ದಾಸೋಹ ಆಕ್ಕೈತಿ, ನಿಮ್ದೋ, ಆ ಹುಡುಗಂದೋ?” ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಮಾರನೆಯ ದಿನ 25 ಸಾವಿರವನ್ನು ಆ ಹುಡುಗನಿಗೆ ಕೊಟ್ಟೆ. ಬಡಾವಣೆಯ ಹಿರಿಯರ ಬಳಿ ಹೋಗಿ, ಈ ವರ್ಷ ನನ್ನಿಂದಾಗದು, ಬಡಿಸಲು ಬರುತ್ತೇನೆ ಎಂದೆ. ಅವರ ಮುಖ ಸಣ್ಣದಾಯಿತು. ನನಗೂ ನಾಚಿಕೆಯಾಯಿತು. ಆದರೆ ಆ ದಿನದಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅದನ್ನೇ ನಿಮ್ಮೆದುರು ಇಡುತ್ತಿದ್ದೇನೆ.

ನಾವೆಲ್ಲ ಬಲ್ಲ ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ನೆನೆಯಿರಿ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬನ್ನಿ ಎಂದು ಕಳಿಸಿದರು. ಈ ಪ್ರಸಂಗವನ್ನು ಪ್ರವಚನಗಳಲ್ಲಿ ದುರಾಸೆಯ ವಿರುದ್ಧದ ಪಾಠವಾಗಿ ಕೇಳುತ್ತೇವೆ. ಅದರೊಳಗೆ ಇನ್ನೊಂದು ಪಾಠವೂ ಇದೆ. ನನ್ನ ಕಾಯಕದ್ದಲ್ಲದ ಒಂದು ಹಿಡಿ ನನ್ನ ಮನೆಯಲ್ಲಿರುವುದು ಸಲ್ಲದು. ಮಾಡಿದ ಕೆಲಸದ ಕೂಲಿಯನ್ನು ಅದರ ಒಡೆಯನಿಗೆ ಕೊಡದೆ ನಾವು ಇಟ್ಟುಕೊಂಡರೆ, ಅಂಗಳದ ಅಕ್ಕಿಯನ್ನು ಹೆಚ್ಚು ತಂದಂತೆಯೇ ಅಲ್ಲವೇ? ಮಾರಯ್ಯನಾದರೋ ಚೆಲ್ಲಿದ್ದನ್ನು ತಂದ. ನಾವು ಇನ್ನೊಬ್ಬರ ತಟ್ಟೆಯಲ್ಲಿದ್ದುದನ್ನೇ ಇಟ್ಟುಕೊಂಡಿದ್ದೇವೆ.

ಇದು ನನ್ನೊಬ್ಬನ ಕತೆಯಾಗಿದ್ದರೆ ಪತ್ರಿಕೆಯ ಪುಟ ಕೇಳುತ್ತಿರಲಿಲ್ಲ. ಇಡೀ ಪೀಣ್ಯ ನಡೆಯುತ್ತಿರುವುದೇ ಈ ಬಾಕಿಯ ಸರಪಳಿಯ ಮೇಲೆ.

ಪೀಣ್ಯ ಹೇಗೆ ಹುಟ್ಟಿತು ಎಂಬುದು ನಮ್ಮ ಹೊಸ ತಲೆಮಾರಿಗೆ ಗೊತ್ತಿರಲಾರದು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಬಂದವು. ಆ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸಲು ಸಣ್ಣ ಶೆಡ್ಡುಗಳು ಬೇಕಾದವು. ರಾಜಾಜಿನಗರದ ಕೈಗಾರಿಕಾ ಎಸ್ಟೇಟ್ ಮೊದಲು, ಆಮೇಲೆ 1970ರ ದಶಕದಲ್ಲಿ ಪೀಣ್ಯ. ಅಲ್ಲಿಯ ಕೈಗಾರಿಕೆಗಳ ಸಂಘ 1978ರಷ್ಟು ಹಳೆಯದು. ದೊಡ್ಡ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡ ಟರ್ನರುಗಳು, ಫಿಟ್ಟರುಗಳು, ಫೋರ್‌ಮನ್‌ಗಳು ಹೊರಬಂದು ಒಂದೊಂದು ಲೇತ್ ಹಾಕಿದರು. ನನಗೆ ಕೆಲಸ ಕಲಿಸಿದವರೂ ಎಚ್‌ಎಂಟಿಯಿಂದ ಹೊರಬಂದ ಒಬ್ಬ ಹಿರಿಯರೇ. ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ. ಮೈಕ್ರೋಮೀಟರ್ ಕೈಗೆ ಕೊಟ್ಟು ಅಳತೆ ಓದಲು ಹೇಳಿದರು, ಅಷ್ಟೇ. ಅದೇ ಹೊತ್ತಿನಲ್ಲಿ ನಗರದ ಇನ್ನೊಂದು ತುದಿಯಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರು ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಲು ಹೊರಟಿದ್ದರು. ವೈಟ್‌ಫೀಲ್ಡ್‌ನ ಐಟಿ ಪಾರ್ಕ್ ಬಂದಿದ್ದು 1990ರ ದಶಕದಲ್ಲಿ. ಗಾಜಿನ ಕಟ್ಟಡಗಳ ಬಗ್ಗೆ ಎಲ್ಲರೂ ಬರೆದರು. ಶೀಟಿನ ಶೆಡ್ಡುಗಳ ಬಗ್ಗೆ ಬರೆದವರು ಕಡಿಮೆ.

ನಮ್ಮ ಕಷ್ಟ ಕೇಳಿದವರು ರಸ್ತೆ, ನೀರು, ವಿದ್ಯುತ್ ಎನ್ನುತ್ತಾರೆ. ಅವೆಲ್ಲ ನಿಜ. ಪೂಜ್ಯ ಶಿವಕುಮಾರ ಸ್ವಾಮಿಗಳ ಹೆಸರು ಹೊತ್ತ ತುಮಕೂರು ರಸ್ತೆಯ ಮೇಲ್ಸೇತುವೆ 2021ರ ಡಿಸೆಂಬರ್‌ನಲ್ಲಿ ಮುಚ್ಚಿತು. ಹಗುರ ವಾಹನಗಳಿಗೆ ಬೇಗ ಬಿಟ್ಟರೂ ಲಾರಿಗಳಿಗೆ ಬಿಟ್ಟಿದ್ದು 2024ರ ಜುಲೈನಲ್ಲಿ. ಆ ಎರಡೂವರೆ ವರ್ಷ ಕೆಳಗಿನ ರಸ್ತೆಯಲ್ಲಿ ನಮ್ಮ ಮಾಲು ಎಷ್ಟು ಗಂಟೆ ನಿಂತಿತು ಎಂಬುದು ನಮಗೇ ಗೊತ್ತು. ಆದರೆ ಗುಂಡಿ ಬಿದ್ದ ರಸ್ತೆಯಿಂದ ಶೆಡ್ಡು ಮುಚ್ಚಿದವರನ್ನು ನಾನು ಕಂಡಿಲ್ಲ. ಕೆಲಸವಿದ್ದೂ, ಆರ್ಡರ್ ಇದ್ದೂ, ಕೊಟ್ಟ ಮಾಲಿನ ಹಣ ಬಾರದೆ ಮುಚ್ಚಿದವರನ್ನು ನಮ್ಮ ಒಂದೇ ಅಡ್ಡರಸ್ತೆಯಲ್ಲಿ ಮೂವರನ್ನು ಕಂಡಿದ್ದೇನೆ.

ಲೆಕ್ಕ ಹೇಳುತ್ತೇನೆ, ನೋಡಿ. ಒಂದು ಸಣ್ಣ ಶೆಡ್ಡು ತಿಂಗಳಿಗೆ 5 ಲಕ್ಷ ರೂಪಾಯಿಯ ಮಾಲು ಕೊಡುತ್ತದೆ ಎಂದಿಟ್ಟುಕೊಳ್ಳಿ. ಅದರ ಮೇಲೆ ಜಿಎಸ್‌ಟಿ ಶೇ 18, ಅಂದರೆ 90 ಸಾವಿರ. ಬಿಲ್ ಒಟ್ಟು 5 ಲಕ್ಷ 90 ಸಾವಿರ. ಕೊಂಡವರು ಹಣ ಕೊಡಲಿ ಬಿಡಲಿ, ತೆರಿಗೆಯನ್ನು ನಾನು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಕಬ್ಬಿಣ ಕೊಂಡಾಗ ಕಟ್ಟಿದ್ದು ಕಳೆದರೂ ಉಳಿದದ್ದು ಕೈಯಿಂದಲೇ. ಕಬ್ಬಿಣದ ಅಂಗಡಿಯವನಿಗೆ ಕೊಡಬೇಕು, ಕೂಲಿ ಕೊಡಬೇಕು, ಬಾಡಿಗೆ, ಕರೆಂಟು ಕಟ್ಟಬೇಕು. ಹಣ ನಾಲ್ಕು ತಿಂಗಳಿಗೆ ಬಂದರೆ ಯಾವಾಗಲೂ 23 ಲಕ್ಷ 60 ಸಾವಿರ ರೂಪಾಯಿ ಹೊರಗೇ ಇರುತ್ತದೆ. ಅದೇ 45 ದಿನಕ್ಕೆ ಬಂದರೆ ಹೊರಗಿರುವುದು 8 ಲಕ್ಷ 85 ಸಾವಿರ. ನಡುವಿನ ವ್ಯತ್ಯಾಸ 14 ಲಕ್ಷ 75 ಸಾವಿರ. ಬ್ಯಾಂಕಿನ ಓಡಿ ಸಿಕ್ಕರೆ, ವರ್ಷಕ್ಕೆ ಶೇ 12ರಂತೆ, ಇದರ ಬಡ್ಡಿ ತಿಂಗಳಿಗೆ 14,750 ರೂಪಾಯಿ. ಹೆಚ್ಚುಕಡಿಮೆ ಒಬ್ಬ ಹೆಲ್ಪರ್‌ನ ಸಂಬಳ. ಓಡಿ ಸಿಗದೆ ಕೈಸಾಲಕ್ಕೆ ಹೋದರೆ, ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ, 44,250 ರೂಪಾಯಿ. ಅಷ್ಟು ಲಾಭ ತರುವ ಸಣ್ಣ ಶೆಡ್ಡು ಪೀಣ್ಯದಲ್ಲಿ ಎಷ್ಟಿದ್ದಾವು?

ಅಂದರೆ ಏನಾಯಿತು? ನಾನು ಬಡ್ಡಿಗೆ ತಂದು, ನನಗಿಂತ ಸಾವಿರ ಪಾಲು ದೊಡ್ಡ ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟೆ. ಬಡವನು ಶ್ರೀಮಂತನಿಗೆ ಸಾಲ ಕೊಡುವ ಈ ವ್ಯವಸ್ಥೆಗೆ ವ್ಯವಹಾರದ ಭಾಷೆಯಲ್ಲಿ ‘ಕ್ರೆಡಿಟ್ ಪೀರಿಯಡ್’ ಎನ್ನುತ್ತಾರೆ.

ಇದು ಲೇತ್ ಹಾಕಿದವರ ಕಷ್ಟವಷ್ಟೇ ಅಲ್ಲ. ನಮ್ಮ ಊರ ಕಡೆಯ ಒಬ್ಬರು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಚೇರಿಗಳಿಗೆ ಊಟ ಒದಗಿಸುತ್ತಾರೆ. ತರಕಾರಿ ಮಂಡಿಯವನು ಅಂದಂದೇ ಕೇಳುತ್ತಾನೆ, ಕಚೇರಿಯವರು ಮೂರು ತಿಂಗಳಿಗೆ ಕೊಡುತ್ತಾರೆ. ವೈಟ್‌ಫೀಲ್ಡ್ ಕಡೆ ಕ್ಯಾಬ್ ಓಡಿಸುವ ಇನ್ನೊಬ್ಬರು ಗಾಡಿಯ ಕಂತು ತಪ್ಪಿ ಎರಡು ಗಾಡಿ ಕಳೆದುಕೊಂಡರು. ಗಾಡಿ ಓಡಿತ್ತು, ಬಿಲ್ ಆಗಿತ್ತು, ಹಣ ಮಾತ್ರ ಬಂದಿರಲಿಲ್ಲ.

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಒಳ್ಳೆಯದೇ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸಣ್ಣ ಉದ್ದಿಮೆಯಿಂದ ಮಾಲನ್ನೋ ಸೇವೆಯನ್ನೋ ಪಡೆದವರು ಒಪ್ಪಂದದ ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಏನೇ ಇರಲಿ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ. ಮಾಲು ತಲುಪಿದ 15 ದಿನದೊಳಗೆ ಬರೆದು ಆಕ್ಷೇಪಿಸದಿದ್ದರೆ ಅದನ್ನು ಒಪ್ಪಿಕೊಂಡಂತೆಯೇ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ದೂರು ಕೇಳಲು ರಾಜ್ಯದಲ್ಲಿ ಸೌಲಭ್ಯ ಮಂಡಳಿಯಿದೆ. 2017ರಿಂದ ‘ಸಮಾಧಾನ್’ ಎಂಬ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು. ಮಂಡಳಿಯ ತೀರ್ಪನ್ನು ಪ್ರಶ್ನಿಸಲು ಕೊಂಡವರು ಕೋರ್ಟಿಗೆ ಹೋದರೆ ಮೊದಲು ಶೇ 75ರಷ್ಟು ಹಣ ಠೇವಣಿ ಇಡಬೇಕು. ಇದಕ್ಕಿಂತ ಗಟ್ಟಿ ಕಾನೂನು ಇನ್ನೇನು ಬೇಕು?

ಆದರೂ ನಾನು 2003ರಿಂದ ಇವತ್ತಿನವರೆಗೆ ಒಂದೇ ಒಂದು ದೂರು ಕೊಟ್ಟಿಲ್ಲ. ಏಕೆಂದರೆ ನನ್ನ ಅರ್ಧಕ್ಕಿಂತ ಹೆಚ್ಚು ಕೆಲಸ ಒಂದೇ ಕಂಪನಿಯಿಂದ ಬರುತ್ತದೆ. ದೂರು ಕೊಟ್ಟ ಮರುದಿನ ಮುಂದಿನ ಆರ್ಡರ್ ಬರುವುದಿಲ್ಲ. ಇದು ನನ್ನ ಹೇಡಿತನ ಎಂದು ಕರೆದರೂ ಒಪ್ಪುತ್ತೇನೆ. ಆದರೆ ಏಳು ಜನರ ಮನೆಯ ಒಲೆ ಈ ಹೇಡಿತನದ ಮೇಲೆ ಉರಿಯುತ್ತಿದೆ.

2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಒಂದು ಹೊಸ ಕಲಮು ಸೇರಿಸಿದರು, 2024ರ ಏಪ್ರಿಲ್ 1ರಿಂದ ಜಾರಿಯಾಯಿತು. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ ಗಡುವಿನೊಳಗೆ ಹಣ ಕೊಡದಿದ್ದರೆ, ಆ ಮೊತ್ತವನ್ನು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ, ಅದರ ಮೇಲೆ ತೆರಿಗೆ ಬೀಳುತ್ತದೆ. ಇದರಿಂದ ಕೆಲವರು ಮಾರ್ಚ್ ತಿಂಗಳಲ್ಲಿ ಬಾಕಿ ತೀರಿಸಿದ್ದು ನಿಜ. ಇನ್ನೊಬ್ಬ ಗಿರಾಕಿ ನನ್ನನ್ನು ಕರೆಸಿ, “ನಿಮ್ಮ ಉದ್ಯಮ್ ನೋಂದಣಿ ರದ್ದು ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಬೇರೆಯವರ ಹತ್ತಿರ ಮಾಡಿಸಿಕೊಳ್ಳುತ್ತೇವೆ” ಎಂದದ್ದೂ ನಿಜ. ಟ್ರೆಡ್ಸ್ ಎಂಬ ವ್ಯವಸ್ಥೆಯಿದೆ. ಅಲ್ಲಿ ಬಿಲ್ಲನ್ನು ಬ್ಯಾಂಕಿಗೆ ಮಾರಿ ಕೂಡಲೇ ಹಣ ಪಡೆಯಬಹುದು. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಅದರಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಆದರೆ ಬಿಲ್ಲನ್ನು ಕೊಂಡವರು ಅಲ್ಲಿ ಒಪ್ಪಿಕೊಂಡರೆ ಮಾತ್ರ ಅದು ಮುಂದಕ್ಕೆ ಹೋಗುತ್ತದೆ. ಹೆಸರು ಬರೆಸಿದವರೆಲ್ಲ ಬಿಲ್ ಒಪ್ಪುತ್ತಾರೆಯೇ? ನನಗೆ ಇನ್ನೂ ಆ ಭಾಗ್ಯ ಬಂದಿಲ್ಲ.

ಕಾನೂನಿನ ಕೈ ಇಷ್ಟು ದೂರ ಮಾತ್ರ ಚಾಚುತ್ತದೆ. ದುರ್ಬಲನು ಪ್ರಬಲನ ಮೇಲೆ ತಾನೇ ದೂರು ಕೊಡಬೇಕು ಎನ್ನುವ ಕಾನೂನು ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಮಿಕ್ಕ ದಾರಿಯನ್ನು ಸಮಾಜದ ನೀತಿ ನಡೆಯಬೇಕು. ಇಲ್ಲಿಗೆ ನನ್ನ ಮಾತು ಮಠಗಳ ಹೊಸ್ತಿಲಿಗೆ ಬಂತು.

ಒಂದು ವರ್ಷ ಮಷೀನಿಗೆ ಕೆಲಸ ಕಡಿಮೆಯಿದ್ದಾಗ, ಪಕ್ಕದ ವೆಲ್ಡಿಂಗ್ ಶೆಡ್ಡಿನವರ ಜೊತೆ ಸೇರಿ ಒಂದು ವಿದ್ಯಾಸಂಸ್ಥೆಯ ಹಾಸ್ಟೆಲಿಗೆ ಕಬ್ಬಿಣದ ಮಂಚಗಳನ್ನು ಮಾಡಿಕೊಟ್ಟೆವು. ನಡೆಸುವವರು ನಮ್ಮವರೇ, ಬಸವ ಭಕ್ತರೇ. ಹೆಸರು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಹಣ ಬರಲು 11 ತಿಂಗಳು ಹಿಡಿಯಿತು. ಪ್ರತಿ ಸಲ ಹೋದಾಗಲೂ ಪ್ರಸಾದಕ್ಕೆ ಕೂರಿಸಿದರು, ಅದರಲ್ಲಿ ಕೊರತೆಯಿಲ್ಲ. ಆದರೆ ಆಫೀಸಿನಲ್ಲಿ “ಸರ್ಕಾರದ ಅನುದಾನ ಬಂದಿಲ್ಲ”, “ಅಧ್ಯಕ್ಷರು ಊರಲ್ಲಿಲ್ಲ”, “ನೀವು ನಮ್ಮವರೇ ಅಲ್ಲವೇ, ಸ್ವಲ್ಪ ತಡೆದುಕೊಳ್ಳಿ” ಎಂಬ ಮಾತು. ನಮ್ಮವರು ಎಂಬ ಮಾತಿಗೆ ತಡವಾಗಿ ಕೊಡಬಹುದಾದವರು ಎಂಬ ಅರ್ಥ ಯಾವಾಗ ಬಂತು? ನನ್ನ ವೆಲ್ಡಿಂಗ್ ಜೊತೆಗಾರ ಮುಸಲ್ಮಾನ. ಒಂದು ದಿನವೂ ಕಟುವಾಗಿ ಮಾತಾಡಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಒಮ್ಮೆ, “ಊಟ ಚೆನ್ನಾಗಿತ್ತಣ್ಣ” ಎಂದಷ್ಟೇ ಹೇಳಿದ. ನನಗೆ ತಲೆಯೆತ್ತಲಾಗಲಿಲ್ಲ.

ಸಂಸ್ಥೆಗಳನ್ನು ನಡೆಸುವ ಕಷ್ಟ ನನಗೆ ತಿಳಿಯದ್ದಲ್ಲ. ಶುಲ್ಕ ಬಾಕಿ, ಅನುದಾನ ಬಾಕಿ, ನೂರಾರು ಮಕ್ಕಳ ಊಟ. ಆದರೆ 2006ರ ಕಾಯ್ದೆಯಲ್ಲಿ ‘ಕೊಳ್ಳುವವರು’ ಎಂದರೆ ಹಣಕ್ಕೆ ಮಾಲು ಅಥವಾ ಸೇವೆ ಪಡೆಯುವ ಯಾರಾದರೂ ಸರಿ. ಕಂಪನಿಯೇ ಆಗಬೇಕೆಂದಿಲ್ಲ. ಟ್ರಸ್ಟಿಗೂ ಶಾಲೆಗೂ 45 ದಿನದ ಗಡುವು ಅನ್ವಯಿಸುತ್ತದೆ. ತೆರಿಗೆಯ ಹೊಸ ಕಲಮು ಮಾತ್ರ ಆದಾಯಕ್ಕೆ ವಿನಾಯಿತಿ ಇರುವ ಟ್ರಸ್ಟಿಗೆ ಬಿಸಿ ಮುಟ್ಟಿಸುವುದು ಕಷ್ಟ. ಬಾಕಿ ಇರುವ ಕಂಪನಿಗಳು ಆರು ತಿಂಗಳಿಗೊಮ್ಮೆ 45 ದಿನ ಮೀರಿದ ಬಾಕಿಯ ವಿವರವನ್ನು ಕಂಪನಿ ರಿಜಿಸ್ಟ್ರಾರರಿಗೆ ಕೊಡಬೇಕು. ಟ್ರಸ್ಟಿಗೆ ಅಂಥ ಕಟ್ಟೂ ಇಲ್ಲ. ತೆರಿಗೆಯ ಭಯ ಮುಟ್ಟದ ಕಡೆ ಶರಣರ ಭಯವಾದರೂ ಮುಟ್ಟಬೇಡವೇ?

ನಮ್ಮ ಮಠಗಳು ಈ ನಾಡಿಗೆ ಅಕ್ಷರ ಕೊಟ್ಟವು, ಅನ್ನ ಕೊಟ್ಟವು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆಎಲ್‌ಇ ಸಂಸ್ಥೆ ಕಟ್ಟಿದರು. ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯೆಗೆ ಬಿಟ್ಟುಹೋದರು. ಸಿದ್ಧಗಂಗೆಯ ಹಾಸ್ಟೆಲಿನಿಂದ ಹೊರಟವರು ತುಮಕೂರು ರಸ್ತೆಯುದ್ದಕ್ಕೂ ಇದ್ದಾರೆ. ಓದಿಸುವ ಕೆಲಸ ಅವರೆಲ್ಲ ಮಾಡಿದರು. ಓದಿದ ಮಗ ಕೆಲಸ ಕಟ್ಟುವಾಗ ಅವನ ಬೆನ್ನಿಗೆ ನಿಲ್ಲುವ ಕೆಲಸ ನಮ್ಮ ಕಾಲದ್ದು. ಸುತ್ತೂರು ಮಠದ ಜೆಎಸ್‌ಎಸ್ ಸಂಸ್ಥೆ ದೂರದ ನೊಯ್ಡಾದ ತನ್ನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಹೊಸ ಉದ್ಯಮಿಗಳಿಗಾಗಿ ಒಂದು ಪಾರ್ಕ್ ನಡೆಸಿಕೊಂಡು ಬಂದಿದೆ. ನೊಯ್ಡಾದಲ್ಲಿ ಆಗಿದ್ದು ರೋಣದಲ್ಲಿ, ಹುನಗುಂದದಲ್ಲಿ, ಭಾಲ್ಕಿಯಲ್ಲಿ ಆಗಬಾರದೇಕೆ?

ಸುಮ್ಮನೆ ದೂರಿದರೆ ಪ್ರಯೋಜನವಿಲ್ಲ. ನಾಲ್ಕು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಮಠಗಳ ವಿದ್ಯಾಸಂಸ್ಥೆ, ಆಸ್ಪತ್ರೆ, ಮುದ್ರಣಾಲಯಗಳು ಸಣ್ಣ ಉದ್ದಿಮೆಯ ಬಿಲ್ಲನ್ನು 45 ದಿನದೊಳಗೆ ತೀರಿಸುವುದಾಗಿ ತಮ್ಮ ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕಲಿ. ಹಣವಿಲ್ಲದಿದ್ದರೆ ಆರ್ಡರ್ ಕೊಡುವ ಮುಂಚೆಯೇ ಹೇಳಲಿ. ಅನುದಾನ ತಡವಾದರೆ ಹಣ ಬರುವ ದಿನಾಂಕವನ್ನು ಬರೆದು ಕೊಡಲಿ. ಇರುವ ಹಣ ಸಾಲದಿದ್ದರೆ ಚಿಕ್ಕ ಬಿಲ್ಲುಗಳನ್ನು ಮೊದಲು ತೀರಿಸಲಿ, ದೊಡ್ಡವರು ಕಾಯಬಲ್ಲರು. ವರ್ಷಕ್ಕೊಮ್ಮೆ ಭಕ್ತರ ಸಭೆಯಲ್ಲಿ ಎಷ್ಟು ಮಂದಿಗೆ ಪ್ರಸಾದವಾಯಿತು ಎಂದು ಹೇಳುವಾಗ, ಎಷ್ಟು ಬಾಕಿ ಉಳಿದಿದೆ ಎಂಬುದನ್ನೂ ಓದಲಿ. ಬಸವಣ್ಣನವರು ಕಲ್ಯಾಣದಲ್ಲಿ ಭಂಡಾರಿಯಾಗಿದ್ದವರು. ಲೆಕ್ಕವನ್ನು ಸಭೆಯ ಮುಂದಿಡುವುದು ಅವರ ಅನುಯಾಯಿಗಳಿಗೆ ಅಪಮಾನವಲ್ಲ.

ಎರಡನೆಯದು ನಮ್ಮ ಸಹಕಾರಿಗಳ ಕೆಲಸ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿ ಇಡೀ ದೇಶಕ್ಕೆ ದಾರಿ ತೋರಿದರು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಅದರ ಉದ್ದೇಶವಾಗಿತ್ತು. ಇಂದು ನಮ್ಮ ಜನರೇ ನಡೆಸುವ ಸೌಹಾರ್ದ ಸಹಕಾರಿಗಳು ಊರೂರಲ್ಲಿವೆ. ನಾನು ಬಾಗಿಲು ತಟ್ಟಿದ ಕಡೆಯೆಲ್ಲ ಚಿನ್ನದ ಮೇಲೆ, ಸೈಟಿನ ಮೇಲೆ, ಕಾರಿನ ಮೇಲೆ ಸಾಲ ಕೊಡುತ್ತಾರೆ. ಕಂಪನಿ ಸಹಿ ಹಾಕಿ ಒಪ್ಪಿಕೊಂಡ ಬಿಲ್ಲಿನ ಮೇಲೆ ಕೊಡಿ ಎಂದರೆ “ಅದಕ್ಕೆ ಬೈಲಾ ಇಲ್ಲ” ಎನ್ನುತ್ತಾರೆ. ಬೈಲಾವನ್ನು ಬರೆದವರು ನಾವೇ ಅಲ್ಲವೇ? ಕಾನೂನು ಬಲ್ಲವರು ಕೂತು ನೋಡಲಿ. ಒಪ್ಪಿದ ಬಿಲ್ಲಿನ ಒಂದು ಪಾಲನ್ನು ಮುಂಗಡ ಕೊಟ್ಟು, ಹಣ ಬಂದಾಗ ಹಿಡಿದುಕೊಂಡರೆ, ನೂರಕ್ಕೆ 3ರ ಬಡ್ಡಿಯಿಂದ ಎಷ್ಟೋ ಶೆಡ್ಡುಗಳು ಉಳಿಯುತ್ತವೆ. ನೆನಪಿರಲಿ, ಉದ್ಯಮ್ ನೋಂದಣಿ ಪೂರ್ತಿ ಉಚಿತ. ಸಣ್ಣ ಉದ್ದಿಮೆಗೆ ಒಂದು ಮಿತಿಯವರೆಗಿನ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡಮಾನ ಕೇಳುವಂತಿಲ್ಲ. ಇದನ್ನು ತಿಳಿಯದೆ ಮಧ್ಯವರ್ತಿಗೆ ಸಾವಿರಾರು ರೂಪಾಯಿ ಕೊಟ್ಟವರನ್ನು ಬಲ್ಲೆ. ಮಠದ ಆವರಣದಲ್ಲಿ ತಿಂಗಳಿಗೊಂದು ದಿನ ಒಬ್ಬ ಲೆಕ್ಕಪರಿಶೋಧಕರು, ಒಬ್ಬ ವಕೀಲರು ಕೂತರೆ ಸಾಕು. ಆರೋಗ್ಯ ಶಿಬಿರ ಮಾಡುತ್ತೇವಲ್ಲ, ಇದೂ ಒಂದು ಶಿಬಿರ.

ಮೂರನೆಯದು ದೂರಿನ ವಿಷಯ. ಒಬ್ಬೊಬ್ಬರೇ ದೂರು ಕೊಟ್ಟರೆ ಆರ್ಡರ್ ಕಳೆದುಕೊಳ್ಳುತ್ತೇವೆ. ಪೀಣ್ಯದ ಸಂಘವಿದೆ, 1949ರಷ್ಟು ಹಳೆಯ ಕಾಸಿಯಾ ಇದೆ. ಅವುಗಳ ಜೊತೆ ಸಮಾಜದ ಹಿರಿಯರೂ ನಿಲ್ಲಲಿ. ಬಾಕಿ ಉಳಿಸಿಕೊಂಡ ಎಷ್ಟೋ ಕಂಪನಿಗಳ ಆಡಳಿತದಲ್ಲಿ ನಮ್ಮ ಸಮಾವೇಶಗಳ ವೇದಿಕೆ ಏರುವವರೂ ಇದ್ದಾರೆ. ಅವರಿಗೆ ಶಾಲು ಹೊದಿಸುವ ಮುನ್ನ, “ನಿಮ್ಮ ಸಣ್ಣ ಪೂರೈಕೆದಾರರಿಗೆ ಎಷ್ಟು ದಿನಕ್ಕೆ ಹಣ ಕೊಡುತ್ತೀರಿ?” ಎಂದು ಒಬ್ಬ ಪೂಜ್ಯರು ಕೇಳಿದರೆ ಸಾಕು. ನಾನು ನೂರು ಸಲ ಫೋನ್ ಮಾಡಿದರೂ ಆಗದ್ದು ಆ ಒಂದು ಪ್ರಶ್ನೆಯಿಂದ ಆಗುತ್ತದೆ.

ನಾಲ್ಕನೆಯದು ಊರಿಗೆ ಸಂಬಂಧಿಸಿದ್ದು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ, ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದಿತು. ಆ ತಾಲ್ಲೂಕುಗಳ ಹುಡುಗರು ಇಂದೂ ಬಸ್ಸು ಹತ್ತಿ ಲಗ್ಗೆರೆಗೆ, ದಾಸರಹಳ್ಳಿಗೆ ಬಂದು, ಒಂದು ಕೋಣೆಯಲ್ಲಿ ಐದು ಜನ ಮಲಗುತ್ತಾರೆ. ಬೆಳಗಾವಿಯ ಉದ್ಯಮಬಾಗ್ ನೋಡಿ. ಬೆಂಗಳೂರಿನಿಂದ ಐನೂರು ಕಿಲೋಮೀಟರ್ ದೂರದಲ್ಲಿ ಎರಕ, ಹೈಡ್ರಾಲಿಕ್ಸ್ ಕೆಲಸದಲ್ಲಿ ಹೆಸರು ಮಾಡಿದೆ. ದೂರ ಅಡ್ಡಿಯಲ್ಲ, ಕೈಗೆ ಕಲಿಕೆ ಬೇಕು. ರಾಜಾಜಿನಗರದ ಜಿಟಿಟಿಸಿ 1972ರಿಂದ ಅಂಥ ಕೈಗಳನ್ನು ತಯಾರುಮಾಡುತ್ತಿದೆ. ಮಠದ ಹಾಸ್ಟೆಲಿನ ಹತ್ತನೆಯ ತರಗತಿಯ ಮಕ್ಕಳನ್ನು ಪಿಯುಸಿಗೆ ಕಳಿಸುವಷ್ಟೇ ಹೆಮ್ಮೆಯಿಂದ ಅಲ್ಲಿಗೂ ಕಳಿಸೋಣ. ಮಠದ ಖಾಲಿ ಕಟ್ಟಡದಲ್ಲಿ ನಾಲ್ಕು ಮಷೀನು ಹಾಕಿದರೆ, ಪೀಣ್ಯದ ನಮ್ಮಂಥವರು ಇಲ್ಲಿಂದ ಕೆಲಸ ಕಳಿಸಲು ಸಿದ್ಧರಿದ್ದೇವೆ. ಮೊದಲ ವರ್ಷ ನನ್ನ ಕಡೆಯಿಂದ ಒಂದು ಹಳೆಯ ಲೇತ್ ಕೊಡುತ್ತೇನೆ, ಕಲಿಸಲು ತಿಂಗಳಿಗೆ ಎರಡು ದಿನ ಬರುತ್ತೇನೆ.

ಇಲ್ಲಿ ಒಂದು ಕಹಿ ಮಾತು. ನಾವು ವೇದಿಕೆಯಲ್ಲಿ ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ ಎಂದು ಕೈಮುಗಿಯುತ್ತೇವೆ. ಹೆಣ್ಣು ಕೊಡುವಾಗ ಮಾತ್ರ ವೈಟ್‌ಫೀಲ್ಡ್‌ನ ಹುಡುಗ ಬೇಕು, ಪೀಣ್ಯದವನು ಬೇಡ. ಕೈಗೆ ಗ್ರೀಸ್ ಹತ್ತಿದ್ದರೆ ಒಳಪಂಗಡ ಸರಿಹೊಂದಿದರೂ ಸಂಬಂಧ ಹೊಂದುವುದಿಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲ ಎಂಬುದನ್ನು ಹನ್ನೆರಡನೆಯ ಶತಮಾನಕ್ಕೆ ಬಿಟ್ಟುಕೊಟ್ಟು, ನಾವು ಪಗಾರ ಚೀಟಿ ನೋಡಿ ಕೈಮುಗಿಯುವುದನ್ನು ಕಲಿತಿದ್ದೇವೆ.

ಇದೆಲ್ಲ ಲಿಂಗಾಯತರಿಗೆ ಮಾತ್ರವೇ ಎಂದು ಯಾರಾದರೂ ಕೇಳಿದರೆ, ಅಲ್ಲ. ನನ್ನ ಏಳು ಜನರಲ್ಲಿ ಇಬ್ಬರು ಬಿಹಾರದವರು, ಒಬ್ಬ ಒಡಿಶಾದವನು. ನನ್ನ ಪ್ಲೇಟಿಂಗ್ ಹುಡುಗನ ಜಾತಿ ನನಗೆ ಇಂದಿಗೂ ತಿಳಿಯದು. ಬಾಕಿಗೆ ಜಾತಿಯಿಲ್ಲ, ಅದನ್ನು ತೀರಿಸುವುದಕ್ಕೂ ಇರಬಾರದು. ಅನುಭವ ಮಂಟಪಕ್ಕೆ ಬಂದವರು ಬೇರೆಬೇರೆ ಕಾಯಕದವರು, ಬೇರೆಬೇರೆ ಊರಿನವರು. 2024ರಲ್ಲಿ ನಮ್ಮ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿದಾಗ ನಾವೆಲ್ಲ ಸಿಹಿ ಹಂಚಿದೆವು. ಆ ಘೋಷಣೆಯ ಅರ್ಥ ಭಾವಚಿತ್ರದ ಕೆಳಗೆ ನಿಲ್ಲಬಾರದು. ಆ ಭಾವಚಿತ್ರವಿರುವ ಕಚೇರಿಯ ಬಿಲ್ ಸೆಕ್ಷನ್ನಿಗೂ ಅದು ಇಳಿಯಬೇಕು.

ಕೊನೆಗೆ ನನ್ನ ಲೆಕ್ಕವನ್ನೂ ಒಪ್ಪಿಸುತ್ತೇನೆ. ಆ ಬಸವ ಜಯಂತಿಯಾದ ಮೇಲೆ ಒಂದು ನಿಯಮ ಮಾಡಿಕೊಂಡೆ. ನನಗಿಂತ ಚಿಕ್ಕವರ ಬಿಲ್ಲು 15 ದಿನ ಮೀರಬಾರದು. ನನಗೆ ಹಣ ಬಂದಿರಲಿ, ಬಾರದಿರಲಿ. ಮೊದಲ ವರ್ಷ ಎರಡು ಸಲ ಹೆಂಡತಿಯ ಬಳೆ ಅಡವಿಟ್ಟೆ. ಮೂರು ಸಲ ನಿಯಮ ಮುರಿದೆ, ಅದನ್ನೂ ಮುಚ್ಚಿಡುವುದಿಲ್ಲ. ಆಮೇಲೆ ತಡವಾಗಿ ಕೊಡುವ ಒಂದು ಕಂಪನಿಯ ಕೆಲಸವನ್ನು ಕಡಿಮೆ ಮಾಡಿ, ಚಿಕ್ಕವಾದರೂ ಬೇಗ ಕೊಡುವ ಮೂವರು ಗಿರಾಕಿಗಳನ್ನು ಹುಡುಕಿಕೊಂಡೆ. ವಹಿವಾಟು ಇಳಿದಿದೆ, ರಾತ್ರಿ ನಿದ್ದೆ ಬರುತ್ತಿದೆ. ಆ ದೊಡ್ಡ ಕಂಪನಿಯ ಮೇಲೆ ದೂರು ಕೊಡುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ. ನೀವು ಜೊತೆಗೆ ನಿಂತರೆ ಬಂದೀತು.

ಕಳೆದ ಜಯಂತಿಗೆ ಮತ್ತೆ ಪ್ರಸಾದಕ್ಕೆ ಹಣ ಕೊಟ್ಟೆ, 5 ಸಾವಿರ. ಕೊಡುವ ಮುಂಚೆ ಹೆಂಡತಿ ಬಾಕಿಯ ಪುಸ್ತಕ ತರಿಸಿ ನೋಡಿದಳು. ಯಾರಿಗೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ, “ಈಗ ಕೊಡ್ರೀ, ಇದು ನಮ್ದು” ಎಂದಳು. ಪ್ಲೇಟಿಂಗ್ ಹುಡುಗನೂ ಅಣ್ಣತಮ್ಮಂದಿರು ಸೇರಿ ಬಂದು ಪಂಕ್ತಿಯಲ್ಲಿ ಕೂತಿದ್ದರು. ಅವರಿಗೆ ನಾನೇ ಬಡಿಸಿದೆ.